ಖಾಲಿ ಮನೆಗೊಂದು ಬಹಿರಂಗ ಪತ್ರ

ಅತ್ತಿಗುಪ್ಪೆ, ವಿಜಯನಗರ,
ಬೆಂಗಳೂರು

ಅರ್ಜಿ ನಮೂನೆಗಳಲ್ಲಿ ‘ಸರ್‌ನೇಮ್’ ಎಂಬ ಹಣೆಪಟ್ಟಿ ಹೊತ್ತು ಕೂತಿರುವ ಖಾಲಿ ಮನೆಗೆ,



ನಿನಗೂ ನನಗೂ 40 ವರ್ಷದ ಒಡನಾಟ. 1984ರಲ್ಲಿ ಅತ್ತಿಗುಪ್ಪೆಯ ಅಡ್ಡರಸ್ತೆಯೊಂದರಲ್ಲಿ ಎರಡು ಟೈಪ್‌ರೈಟರ್ ಇಟ್ಟುಕೊಂಡು ಅಂಗಡಿ ತೆರೆದವನು ನಾನು. ಆಗ ಜಾಬ್ ಟೈಪಿಂಗ್, ಆಮೇಲೆ ಜೆರಾಕ್ಸ್, ಡಿಟಿಪಿ, ಈಗ ಪಾಸ್‌ಪೋರ್ಟು, ಪ್ಯಾನ್ ಕಾರ್ಡುಗಳ ಆನ್‌ಲೈನ್ ಅರ್ಜಿ. ಯಂತ್ರಗಳು ಬದಲಾದವು, ನೀನು ಬದಲಾಗಲಿಲ್ಲ. ಮಾಗಡಿ ರಸ್ತೆ ಹಿಡಿದು ಬಂದು ಈ ಕಡೆ ನೆಲೆಸಿದ ಮಾಗಡಿ, ಕುಣಿಗಲ್, ತುಮಕೂರು ಸೀಮೆಯ ಜನ ನನ್ನೆದುರಿನ ಸ್ಟೂಲಿನ ಮೇಲೆ ಕೂತು ಹೆಸರು, ಹುಟ್ಟಿದ ತಾರೀಖು, ವಿಳಾಸ ಎಲ್ಲವನ್ನೂ ಸರಸರನೆ ಹೇಳುತ್ತಾರೆ. ನಿನ್ನ ಹತ್ತಿರ ಬಂದಾಗ ಮಾತು ನಿಂತುಹೋಗುತ್ತದೆ. ‘ಸರ್‌ನೇಮ್ ಅಂದ್ರೆ ಏನ್ ಹಾಕೋದು ಸಾರ್? ನಮಗೆ ಅದೆಲ್ಲ ಇಲ್ವಲ್ಲ’ ಎನ್ನುತ್ತಾರೆ.

‘ಇಲ್ವಲ್ಲ’ ಎನ್ನುವಾಗ ಅವರ ದನಿ ಇಳಿಯುತ್ತದೆ, ಎಲ್ಲರ ಮನೆಯಲ್ಲೂ ಇರುವುದೇನೋ ತಮ್ಮ ಮನೆಯಲ್ಲಿ ಮಾತ್ರ ಇಲ್ಲವೇನೋ ಎಂಬ ಹಾಗೆ. ಆ ದನಿಯನ್ನು ಇಷ್ಟು ವರ್ಷ ಕೇಳಿದ ಮೇಲೆ ನಿನಗೆ ಈ ಪತ್ರ ಬರೆಯುತ್ತಿದ್ದೇನೆ. ಚೌಕಾಬಾರದ ಪಟದಲ್ಲಿ ಗೀಚಿದ ಚೌಕಕ್ಕೂ ನಮ್ಮ ಭಾಷೆಯಲ್ಲಿ ಮನೆ ಎಂದೇ ಹೆಸರು, ಅರ್ಜಿಯ ಚೌಕಕ್ಕೂ ಅದೇ ಹೆಸರು. ನೀನೂ ಒಂದು ಮನೆಯೇ. ಹಾಗಾಗಿ ಮನೆಯ ಮಾತನ್ನು ನಿನ್ನ ಮುಂದೆ ಆಡಬಹುದೆಂದುಕೊಂಡಿದ್ದೇನೆ.

ಹೋದ ವರ್ಷ ವೇಲ್ಸ್‌ನ ಕಾರ್ಡಿಫ್‌ನಲ್ಲಿರುವ ನನ್ನ ಮಗಳಿಗೆ ಹೆಣ್ಣುಮಗು ಹುಟ್ಟಿತು. ಅಲ್ಲಿ ಮಗು ಹುಟ್ಟಿದ 42 ದಿನದೊಳಗೆ ಜನನ ನೋಂದಣಿ ಮಾಡಿಸಬೇಕು, ಮಗುವಿಗೊಂದು ಮನೆತನದ ಹೆಸರು ಬರೆಸಬೇಕು. ಮಗಳ ಪಾಸ್‌ಪೋರ್ಟಿನಲ್ಲಿ ನಿನ್ನ ಜಾಗದಲ್ಲಿ ಇರುವುದು ನನ್ನ ಹೆಸರು. ಅಳಿಯ ಮಂಡ್ಯದ ಕಡೆಯವನು, ಅವನದರಲ್ಲಿ ಅವನ ತಂದೆಯ ಹೆಸರು. ನನ್ನದರಲ್ಲಿ ನನ್ನ ತಂದೆಯದು. ಒಂದೇ ಮನೆಯ ಮೂವರಿಗೆ ಮೂರು ‘ಮನೆತನ’. ರಾತ್ರಿ ಮಗಳು ಫೋನ್ ಮಾಡಿ, ‘ಅಪ್ಪಾ, ನಮ್ಮ ಇನಿಷಿಯಲ್‌ನಲ್ಲಿ ಮೊದಲು ಬರೋ ಕೆ ಅಂದ್ರೆ ಏನಪ್ಪಾ? ಅದನ್ನೇ ಬಿಡಿಸಿ ಪಾಪುಗೆ ಇಡ್ತೀವಿ’ ಎಂದಳು.

‘ಕುದೂರು ಕಣಮ್ಮಾ’ ಎಂದೆ. ಹೇಳಿ ಫೋನ್ ಇಟ್ಟವನಿಗೆ ನಿದ್ದೆ ಬರಲಿಲ್ಲ. ನಮ್ಮ ಊರು ಮಾಗಡಿ ತಾಲ್ಲೂಕಿನ ಕುದೂರು ಹೋಬಳಿಯದು ನಿಜ, ಆದರೆ ಕುದೂರೇ ಅಲ್ಲ. ಅಲ್ಲಿಂದ ನಡೆದು ಹೋಗಬೇಕಾದ ಸಣ್ಣ ಹಳ್ಳಿ. ಅದರ ಹೆಸರು ‘ಕೆ’ಯಿಂದ ಶುರುವಾಗುವುದೇ ಇಲ್ಲ. 40 ವರ್ಷ ಸಾವಿರಾರು ಜನರ ಇನಿಷಿಯಲ್ ಬಿಡಿಸಿ ಬರೆದವನು ನನ್ನದನ್ನು ಒಂದು ದಿನವೂ ಬಿಡಿಸಿ ನೋಡಿರಲಿಲ್ಲ.

ನನ್ನ ಅಂಗಡಿಗೆ ಬರುವವರು ಕಳೆದುಕೊಂಡಿರುವುದು ಏನನ್ನು ಎಂಬುದನ್ನು ಮೊದಲು ಹೇಳುತ್ತೇನೆ. ಹಳೇ ಮೈಸೂರು ಸೀಮೆಯಲ್ಲಿ ಹೆಸರಿನ ಹಿಂದೆ ಬಾಲ ಇರುವುದಿಲ್ಲ, ಮುಂದೆ ಎರಡು ಅಕ್ಷರ ಇರುತ್ತವೆ. ಸಾಮಾನ್ಯವಾಗಿ ಒಂದು ಊರು, ಒಬ್ಬ ಅಪ್ಪ. ಡಿ.ವಿ.ಜಿ. ಎಂದರೆ ದೇವನಹಳ್ಳಿ ವೆಂಕಟರಮಣಯ್ಯ ಗುಂಡಪ್ಪ. ಹುಟ್ಟಿದ್ದು ಮುಳಬಾಗಿಲಿನಲ್ಲಿ, ಹೆಸರಿನ ಮುಂದೆ ಉಳಿದದ್ದು ಹಿರಿಯರ ಊರು. ಸರ್ ಎಂ. ವಿಶ್ವೇಶ್ವರಯ್ಯನವರು ಹುಟ್ಟಿದ್ದು ಮುದ್ದೇನಹಳ್ಳಿಯಲ್ಲಿ. ಅವರ ‘ಎಂ’ ಈಗಿನ ಆಂಧ್ರಪ್ರದೇಶದ ಮೋಕ್ಷಗುಂಡಂ ಎಂಬ ಊರು. ಪೂರ್ವಿಕರು ಗಂಟುಮೂಟೆ ಕಟ್ಟಿಕೊಂಡು ಹೊರಟು ಬಂದ ದಾರಿಯೆಲ್ಲ ಆ ಒಂದಕ್ಷರದಲ್ಲಿ ಅಡಗಿದೆ. ನಾವು ದಿನವೂ ದಾಟುವ ಡಾ. ರಾಜ್‌ಕುಮಾರ್ ರಸ್ತೆಯ ರಾಜಕುಮಾರರು ಹುಟ್ಟುಹೆಸರಿನಲ್ಲಿ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯ ಮುತ್ತುರಾಜು. ಊರು ಮುಂದೆ, ಅಪ್ಪ ನಡುವೆ, ತಾನು ಕೊನೆಗೆ. ನಮ್ಮ ಜನ ತಮ್ಮನ್ನು ಹೇಳಿಕೊಂಡ ಕ್ರಮ ಇದು, ನೆಲ ಮೊದಲು, ಹೆತ್ತವರು ಆಮೇಲೆ, ತಾನು ಕಟ್ಟಕಡೆಗೆ.

ಇದರಲ್ಲಿ ಒಂದೇ ಒಂದು ತೊಡಕು. ಆ ಅಕ್ಷರಗಳು ಇಂಗ್ಲಿಷಿನವು. ‘ಕೆ’ ಎಂದು ಬರೆದರೆ ಅದು ಕುದೂರೂ ಆಗಬಹುದು, ಕೆಂಗೇರಿಯೂ ಆಗಬಹುದು, ಕಾಳಯ್ಯನೂ ಆಗಬಹುದು. ಕನ್ನಡದ ದೊಡ್ಡವರು ಇದನ್ನು ಅರಿತವರ ಹಾಗೆ ಕನ್ನಡದ ಅಕ್ಷರಗಳನ್ನೇ ಹಿಡಿದರು. ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ ಕುವೆಂಪು ಆದರು. ತೀರ್ಥಪುರ ನಂಜುಂಡಯ್ಯ ಶ್ರೀಕಂಠಯ್ಯ ತೀ.ನಂ.ಶ್ರೀ. ಆದರು. ‘ಕು’ ಎಂದರೆ ಕುಪ್ಪಳಿಯ ಬಾಗಿಲು ಅರ್ಧ ತೆರೆದ ಹಾಗೆ, ‘ಕೆ’ ಎಂದರೆ ಪೂರ್ತಿ ಮುಚ್ಚಿದ ಹಾಗೆ. ಎರಡು ತಲೆಮಾರು ಕಳೆದರೆ ಒಳಗೆ ಯಾರಿದ್ದರೆಂದು ಹೇಳುವವರು ಉಳಿಯುವುದಿಲ್ಲ.

ನಿನ್ನನ್ನು ಸುಲಭವಾಗಿ ತುಂಬುವವರೂ ನನ್ನ ಅಂಗಡಿಗೆ ಬರುತ್ತಾರೆ. ನಮ್ಮ ರಸ್ತೆಯ ಪಿಜಿಗಳಲ್ಲಿ ಹುಬ್ಬಳ್ಳಿ, ಬಾಗಲಕೋಟೆ, ವಿಜಯಪುರದ ಹುಡುಗರಿದ್ದಾರೆ. ಅವರ ಅಡ್ಡಹೆಸರುಗಳನ್ನು ಟೈಪ್ ಮಾಡುವುದೆಂದರೆ ಸಂತೆಯಲ್ಲಿ ಅಡ್ಡಾಡಿದ ಹಾಗೆ. ಉಳ್ಳಾಗಡ್ಡಿ, ಮೆಣಸಿನಕಾಯಿ, ಬೆಲ್ಲದ, ಅಕ್ಕಿ, ಜವಳಿ, ಅಂಗಡಿ. ಆಮೇಲೆ ಕಸುಬಿನವು: ಬಡಿಗೇರ, ಕಮ್ಮಾರ, ಹೂಗಾರ, ತಳವಾರ. ಮನೆಯ ಮುಂದಿನ ಮರವೂ ಹೆಸರಾಗಿದೆ, ಹುಣಸಿಮರದ, ಬೇವಿನಮರದ. ಮರ ಬಿದ್ದುಹೋಗಿ ಎಷ್ಟೋ ಕಾಲವಾದ ಮೇಲೂ ಅದರ ನೆರಳು ಆ ಮನೆಯವರ ಮೇಲಿದೆ. ವಿ.ಕೃ. ಗೋಕಾಕರು ಹುಟ್ಟಿದ್ದು ಸವಣೂರಿನಲ್ಲಿ, ಹೆಸರು ಮಾತ್ರ ಗೋಕಾಕ. ಡಿ.ವಿ.ಜಿ. ಊರನ್ನು ಮುಂದಿಟ್ಟುಕೊಂಡರು, ಗೋಕಾಕರು ಹಿಂದಿಟ್ಟುಕೊಂಡರು. ಇಬ್ಬರೂ ಇಟ್ಟುಕೊಂಡದ್ದು ಊರನ್ನೇ. ಒಬ್ಬರು ನಿನ್ನೊಳಗೆ ಹಿಡಿಸುತ್ತಾರೆ, ಇನ್ನೊಬ್ಬರು ಹಿಡಿಸುವುದಿಲ್ಲ ಎನ್ನುವುದು ನಿನ್ನ ಅಳತೆಯ ದೋಷ.

ಕೊಡಗಿನವರು ಒಕ್ಕದ, ಎಂದರೆ ಮನೆತನದ, ಹೆಸರನ್ನು ಮೊದಲಿಡುತ್ತಾರೆ. ಜನರಲ್ ಕಾರ್ಯಪ್ಪನವರ ಹೆಸರು ಕೊಡಂದೇರದಿಂದ ಶುರುವಾಗುತ್ತದೆ. 1997ರಲ್ಲಿ ಕರಡ ಗ್ರಾಮದಲ್ಲಿ ಆರಂಭವಾದ ಕೊಡವ ಕುಟುಂಬಗಳ ಹಾಕಿ ಪಂದ್ಯದಲ್ಲಿ ಒಕ್ಕದ ಹೆಸರೇ ತಂಡದ ಹೆಸರು. 2024ರಲ್ಲಿ ನಾಪೋಕ್ಲುವಿನಲ್ಲಿ 360 ಒಕ್ಕಗಳು ಆಡಿದವು. ವಂಶಾವಳಿಯನ್ನು ಬಯಲಿಗೆ ತಂದು ಆಡಿಸುವ ಆ ಜನರನ್ನು ನೆನೆದರೆ ನನಗೆ ಸಂತೋಷವಾಗುತ್ತದೆ. ಕರಾವಳಿಯ ಅಳಿಯಸಂತಾನದ ಮನೆಗಳಲ್ಲಿ ಬಳಿ, ಎಂದರೆ ಕುಲದ ಹೆಸರು, ಬರುವುದು ತಾಯಿಯಿಂದ, ಮದುವೆಯ ಮಾತು ಎತ್ತಿದಾಗ ಮೊದಲು ಕೇಳುವುದೇ ಅದನ್ನು. ಕಾಸರಗೋಡಿನ ಕಯ್ಯಾರ ಎಂಬ ಊರು 1956ರ ರಾಜ್ಯ ವಿಂಗಡಣೆಯಲ್ಲಿ ಕೇರಳಕ್ಕೆ ಸೇರಿತು, ಆದರೆ ಕಯ್ಯಾರ ಕಿಞ್ಞಣ್ಣ ರೈಗಳ ಹೆಸರಿನಲ್ಲಿ ಅದು ಕನ್ನಡದ ಊರಾಗಿಯೇ ಉಳಿಯಿತು. ನಕ್ಷೆ ಬಿಟ್ಟುಕೊಟ್ಟದ್ದನ್ನು ಹೆಸರು ಹಿಡಿದಿಟ್ಟುಕೊಂಡಿತು.

ಮಗಳ ಪಕ್ಕದ ಮನೆಯಲ್ಲಿ ಒಬ್ಬ ವೆಲ್ಷ್ ಅಜ್ಜ ಇದ್ದಾರೆ. ಅವರ ಮನೆತನದ ಹೆಸರು ಪ್ರೈಸ್. ಇಂಗ್ಲಿಷಿನಲ್ಲಿ ಅದಕ್ಕೆ ಬೆಲೆ ಎಂದು ಅರ್ಥ ಹೇಳಿದರೆ ಅವರು ಒಪ್ಪುವುದಿಲ್ಲ. ಅದು ‘ಆಪ್ ರೀಸ್’, ಎಂದರೆ ರೀಸ್‌ನ ಮಗ. ಬಾಯಿಂದ ಬಾಯಿಗೆ ಸವೆದು ಪ್ರೈಸ್ ಆಯಿತು. ಹೀಗೆಯೇ ‘ಆಪ್ ಹವೆಲ್’ ಪೊವೆಲ್ ಆಯಿತು, ‘ಆಪ್ ಹ್ಯೂ’ ಪ್ಯೂ ಆಯಿತು, ‘ಆಬ್ ಓವೈನ್’ ಬೊವೆನ್ ಆಯಿತು. ಅವರಲ್ಲೂ ಹಿಂದೆ ಮನೆತನದ ಹೆಸರು ಇರಲಿಲ್ಲ. ನಮ್ಮಂತೆಯೇ ಅಪ್ಪನ ಹೆಸರು, ಅದರಾಚೆ ಅವನಪ್ಪನ ಹೆಸರು. ಹೆಣ್ಣುಮಕ್ಕಳಿಗೆ ‘ವೆರ್ಖ್’, ಎಂದರೆ ಇಂಥವರ ಮಗಳು. ಮದುವೆಯಾದ ಮೇಲೂ ಆಕೆ ಅಪ್ಪನ ಮಗಳಾಗಿಯೇ ಉಳಿಯುತ್ತಿದ್ದಳು. ನಮ್ಮ ಪಹಣಿಯಲ್ಲಿ ಇಂದಿಗೂ ‘ಇಂಥವರು ಬಿನ್ ಇಂಥವರು’ ಎಂದು ಬರೆಯುತ್ತೇವಲ್ಲ, ಆ ‘ಬಿನ್’ಗೂ ಅವರ ‘ಆಪ್’ಗೂ ಕೆಲಸ ಒಂದೇ. ಬಿನ್ ಹಿಡಿದು ಬಿನ್ ಹತ್ತಿದರೆ ತಾತ ಮುತ್ತಾತಂದಿರ ಅಂಗಳ ಸಿಗುತ್ತದೆ.

ಅವರಿಗೇನಾಯಿತು ಕೇಳು. 1536 ಮತ್ತು 1543ರ ಕಾನೂನುಗಳಿಂದ ವೇಲ್ಸ್ ಪೂರ್ತಿಯಾಗಿ ಇಂಗ್ಲೆಂಡಿನ ಆಡಳಿತಕ್ಕೆ ಸೇರಿತು. ಕೋರ್ಟು ಕಚೇರಿಗಳ ಭಾಷೆ ಇಂಗ್ಲಿಷ್ ಆಯಿತು. ಗುಮಾಸ್ತರ ಪುಸ್ತಕದಲ್ಲಿ ಉದ್ದದ ಹೆಸರು ಹಿಡಿಸಲಿಲ್ಲ. ಯಾವ ತಲೆಮಾರಿನವನು ಆ ಪುಸ್ತಕದ ಮುಂದೆ ನಿಂತನೋ ಅವನ ಅಪ್ಪನ ಹೆಸರೇ ಮುಂದಿನವರಿಗೆಲ್ಲ ಕಾಯಂ ಆಯಿತು. ಮೊದಲು ಶ್ರೀಮಂತರಲ್ಲಿ, ಆಮೇಲೆ ಮೆಲ್ಲಗೆ ಹಳ್ಳಿಗಳಲ್ಲಿ. ಕೆಲವು ಹಳ್ಳಿಗಳಲ್ಲಿ 19ನೆಯ ಶತಮಾನದ ಹೊಸ್ತಿಲವರೆಗೂ ಹಳೆಯ ಕ್ರಮ ಜೀವ ಹಿಡಿದಿತ್ತು. ಇಂಗ್ಲೆಂಡನ್ನು ಆಳಿದ ಟ್ಯೂಡರ್ ಮನೆತನದ್ದೂ ಇದೇ ಕತೆ. ಏಳನೆಯ ಹೆನ್ರಿಯ ತಾತ ಓವೈನ್ ಆಪ್ ಮರೆದಿದ್ ಆಪ್ ಟ್ಯೂಡರ್. ಓವೈನ್‌ನ ಅಪ್ಪನ ಹೆಸರು ಮರೆದಿದ್, ಅವನ ತಾತನ ಹೆಸರು ಟ್ಯೂಡರ್. ಕಾಯಂ ಆದದ್ದು ತಾತನ ಹೆಸರು. ಅಪ್ಪನದು ನಿಂತಿದ್ದರೆ ಚರಿತ್ರೆಯ ಪಾಠದಲ್ಲಿ ನಾವು ಬೇರೊಂದೇ ರಾಜಮನೆತನವನ್ನು ಉರುಹೊಡೆಯುತ್ತಿದ್ದೆವು.

ಹಾಗೆ ನಿಂತುಹೋದ ಹೆಸರುಗಳು ಬೆರಳೆಣಿಕೆಯವು. ಜೋನ್ಸ್, ವಿಲಿಯಮ್ಸ್, ಡೇವಿಸ್, ಇವಾನ್ಸ್, ಥಾಮಸ್. ಬೀದಿಗೆ ಹತ್ತು ಜನ ಜೋನ್ಸ್ ಆದಾಗ ಜನ ಮತ್ತೆ ತಮ್ಮದೇ ದಾರಿ ಹಿಡಿದರು, ಹಾಲು ಮಾರುವವನು ಹಾಲಿನ ಜೋನ್ಸ್ ಆದ. ನಮ್ಮ ಹೊಸಹಳ್ಳಿ, ಮಾರೇನಹಳ್ಳಿಯ ಕಡೆ ಸೈಕಲ್ ಶಾಪ್ ನಾಗರಾಜ, ಹೂವಿನ ಪುಟ್ಟಮ್ಮ ಎನ್ನುವ ಹಾಗೆ. ಇವತ್ತು ಮನೆತನದ ಬೇರು ಹುಡುಕುವ ವೆಲ್ಷ್ ಜನ ಚರ್ಚಿನ ರಿಜಿಸ್ಟರುಗಳಲ್ಲಿ ನೂರಾರು ಜಾನ್ ಜೋನ್ಸರ ನಡುವೆ ತಮ್ಮ ಜಾನ್ ಜೋನ್ಸ್ ಯಾರೆಂದು ತಡಕಾಡುತ್ತಾರೆ. ಪಕ್ಕದ ಮನೆಯ ಅಜ್ಜ ನಿವೃತ್ತಿಯ ವರ್ಷಗಳನ್ನೆಲ್ಲ ಅದಕ್ಕೇ ಕೊಟ್ಟಿದ್ದಾರೆ. ಹಳೆಯ ಕ್ರಮಕ್ಕೆ ಮರಳಿದವರೂ ಇದ್ದಾರೆ. 2023ರಲ್ಲಿ ವೇಲ್ಸ್‌ನ ಪ್ಲೈಡ್ ಕಮ್ರಿ ಪಕ್ಷದ ನಾಯಕರಾದವರ ಹೆಸರು ರೀನ್ ಆಪ್ ಯೋರ್ವರ್ಥ್.

ಆ ಅಜ್ಜ ನನ್ನ ಮಗಳಿಗೆ ಹೇಳಿದ ಮಾತನ್ನು ಅವಳು ನನಗೆ ಹಾಗೆಯೇ ದಾಟಿಸಿದಳು. ನಮ್ಮ ಗುಮಾಸ್ತರು ಬಂದು ಹೋಗಿ 400 ವರ್ಷವಾಯಿತು, ನಿಮ್ಮ ಗುಮಾಸ್ತರು ಈಗಷ್ಟೇ ಬಾಗಿಲು ತಟ್ಟುತ್ತಿದ್ದಾರೆ, ಗೊತ್ತಿರುವವರು ಬದುಕಿರುವಾಗಲೇ ಕೇಳಿ ಬರೆದಿಟ್ಟುಕೊಳ್ಳಿ ಎಂದರಂತೆ.

ಬಾಗಿಲು ತಟ್ಟುತ್ತಿರುವುದು ನಿಜ. ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ಹಾಕುವಂತಿಲ್ಲ, ಬಿಡಿಸಿಯೇ ಬರೆಯಬೇಕು. ಅಲ್ಲಿ ನಿನ್ನನ್ನು ಖಾಲಿ ಬಿಡಬಹುದು. ಪ್ಯಾನ್ ಅರ್ಜಿಯಲ್ಲಿ ಬಿಡುವಂತಿಲ್ಲ, ಒಂಟಿ ಹೆಸರಿನವರು ಇದ್ದ ಒಂದೇ ಹೆಸರನ್ನು ನಿನ್ನೊಳಗೆ ಹಾಕಬೇಕು. ಒಂದು ಕಾಗದದಲ್ಲಿ ಸ್ವಂತ ಹೆಸರಾದದ್ದು ಇನ್ನೊಂದರಲ್ಲಿ ಮನೆತನವಾಗುತ್ತದೆ. ಒಂಟಿ ಹೆಸರಿನವರಿಗೆ ಅಮೆರಿಕದ ವೀಸಾದಲ್ಲಿ ‘ಎಫ್‌ಎನ್‌ಯು’ ಎಂದು ಅಚ್ಚಾಗುತ್ತದೆ, ಮೊದಲ ಹೆಸರು ತಿಳಿಯದು ಎಂದರ್ಥ. ನಾಮಕರಣದ ದಿನ ಅಜ್ಜಿ ಕಿವಿಯಲ್ಲಿ ಹೇಳಿದ ಹೆಸರು ಅಲ್ಲೇ ಪಕ್ಕದಲ್ಲಿ ಇದ್ದರೂ ಹಾಗೆ ಅಚ್ಚಾಗುತ್ತದೆ. 2022ರ ನವೆಂಬರಿನಲ್ಲಿ ಯುಎಇ ಸರ್ಕಾರ ಒಂಟಿ ಹೆಸರಿನ ಪಾಸ್‌ಪೋರ್ಟಿನ ಪ್ರವಾಸಿಗರಿಗೆ ಪ್ರವೇಶವಿಲ್ಲ ಎಂದಿತು. ಪಾಸ್‌ಪೋರ್ಟಿನಲ್ಲಿ ತಂದೆಯ ಹೆಸರಿದ್ದರೆ ಸಾಕೆಂದು ಆಮೇಲೆ ಸಡಿಲಿಸಿತು. ಆ ವಾರ ನನ್ನ ಅಂಗಡಿಯಲ್ಲಿ ಕೂತು ಅತ್ತ ಹುಡುಗನೊಬ್ಬನನ್ನು ನಾನು ಮರೆತಿಲ್ಲ. ಟಿಕೆಟ್ ಕೈಯಲ್ಲಿತ್ತು, ಹೆಸರು ಒಂದೇ ಇತ್ತು.

ಹೆಣ್ಣುಮಕ್ಕಳ ಪಾಡು ಇನ್ನೂ ಕಷ್ಟದ್ದು. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಅಪ್ಪನ ಅಕ್ಷರ, ರೇಷನ್ ಕಾರ್ಡಿನಲ್ಲಿ ಗಂಡನ ಅಕ್ಷರ, ಬ್ಯಾಂಕಿನ ಪುಸ್ತಕದಲ್ಲಿ ಎರಡೂ ಇಲ್ಲ. ಇವಳೂ ಅವಳೂ ಒಬ್ಬಳೇ ಎಂದು ಛಾಪಾ ಕಾಗದದ ಮೇಲೆ ಅಫಿಡವಿಟ್ ಟೈಪ್ ಮಾಡುವುದು ನನ್ನ ವಾರದ ಕೆಲಸಗಳಲ್ಲೊಂದು. ಒಬ್ಬ ಹೆಂಗಸು ತಾನು ತಾನೇ ಎಂದು ನೋಟರಿಯ ಮುಂದೆ ನಿಂತು ಪ್ರಮಾಣ ಮಾಡಬೇಕಾದಾಗ ಟೈಪ್ ಮಾಡುವ ನನ್ನ ಬೆರಳು ತಡೆಯುತ್ತದೆ.

ಇರಲಿ, ನನ್ನ ‘ಕೆ’ಯ ವಿಚಾರಕ್ಕೆ ಬರುತ್ತೇನೆ. 42 ದಿನಗಳಲ್ಲಿ ಒಂಬತ್ತು ಕಳೆದಿದ್ದವು. ಮೊದಲು ಟ್ರಂಕಿನಲ್ಲಿದ್ದ ನನ್ನ 1973ರ ಅಂಕಪಟ್ಟಿ ತೆಗೆದೆ. ನಮ್ಮಲ್ಲಿ ಹೆಸರಿಗೂ ಹುಟ್ಟಿದ ದಿನಕ್ಕೂ ಕಟ್ಟಕಡೆಯ ಸಾಕ್ಷಿ ಅದೇ. ಅದರಲ್ಲಿ ಕೆ ಇತ್ತು, ಬಿಡಿಸಿರಲಿಲ್ಲ. ಆಮೇಲೆ ಲಗ್ನಪತ್ರಿಕೆಗಳು. ಹಳೆಯ ಲಗ್ನಪತ್ರಿಕೆಯಷ್ಟು ಒಳ್ಳೆಯ ವಂಶಾವಳಿ ಇನ್ನೊಂದಿಲ್ಲ, ಇಂಥವರ ಮೊಮ್ಮಗ, ಇಂಥವರ ದ್ವಿತೀಯ ಪುತ್ರ, ಸುಖಾಗಮನ ಬಯಸುವವರು ಎಂದು ಇಡೀ ಬಳಗವೇ ಅಲ್ಲಿ ಸಾಲಾಗಿ ನಿಂತಿರುತ್ತದೆ. ನಮ್ಮ ಅಪ್ಪನ ಮದುವೆಗೆ ಪತ್ರಿಕೆ ಅಚ್ಚು ಹಾಕಿಸಿರಲಿಲ್ಲ. ನಾಡಕಚೇರಿಯಿಂದ ಹಿಂದೆ ಪೌತಿ ಖಾತೆಗೆಂದು ಪಡೆದ ವಂಶವೃಕ್ಷ ಇತ್ತು. ಅದು ತಾತನಿಂದ ಶುರುವಾಗಿ ನಮ್ಮವರೆಗೆ ಇಳಿಯುತ್ತದೆ. 2005ರ ಉತ್ತರಾಧಿಕಾರ ತಿದ್ದುಪಡಿ ಹೆಣ್ಣುಮಕ್ಕಳಿಗೂ ಸಮಪಾಲು ಕೊಟ್ಟ ಮೇಲೆ ತಯಾರಾದ ಕಾಗದವಾದ್ದರಿಂದ ನನ್ನ ಅಕ್ಕತಂಗಿಯರೂ ಅದರಲ್ಲಿದ್ದಾರೆ. ತಾತನ ಹೆಸರು ‘ಕೆ’ಯಿಂದ ಶುರುವಾಗುವುದಿಲ್ಲ. ಅಲ್ಲಿಗೆ ಆ ದಾರಿಯೂ ಮುಗಿಯಿತು.

ಊರಿಗೆ ಹೋದೆ. ಸೋದರಮಾವನ ಮನೆಯ ಹಿರಿಯರೊಬ್ಬರು, ಹೆಳವರು ಬಂದಿದ್ದರೆ ಹೇಳುತ್ತಿದ್ದರು ಎಂದರು. ಎತ್ತಿನ ಮೇಲೆ ಕೂತು, ಗಂಟೆ ಬಾರಿಸಿಕೊಂಡು, ಮನೆಮನೆಯ ಮುಂದೆ ನಿಂತು ಆ ಮನೆಯ ವಂಶವನ್ನು ಹೇಳುತ್ತಿದ್ದ ಹೆಳವರನ್ನು ನಾನು ಚಿಕ್ಕವನಿದ್ದಾಗ ನೋಡಿದ್ದೇನೆ. ಯಾರು ಎಲ್ಲಿಂದ ಬಂದರು, ಯಾವ ಊರು ಬಿಟ್ಟರು, ಎಷ್ಟು ಜನ ಗಂಡುಮಕ್ಕಳು, ಯಾವ ದೇವರ ಒಕ್ಕಲು, ಎಲ್ಲ ಅವರ ಬಾಯಲ್ಲಿತ್ತು. ಅವರ ಪುಸ್ತಕದಲ್ಲೂ ಇತ್ತು. ದವಸ, ಬಟ್ಟೆ, ಒಮ್ಮೊಮ್ಮೆ ಕರು ಕೊಟ್ಟು ಕಳಿಸುತ್ತಿದ್ದರು. ದೂರದ ಹರಿದ್ವಾರದಲ್ಲಿ ಪಂಡಾಗಳು ಯಾತ್ರಿಕರ ವಂಶಾವಳಿಯನ್ನು ಉದ್ದನೆಯ ಬಹಿಗಳಲ್ಲಿ ಬರೆದಿಟ್ಟ ಹಾಗೆ, ಯಾತ್ರೆಗೆ ಹೋಗಲಾರದ ರೈತರಿಗೆ ಹೆಳವರೇ ನಡೆದಾಡುವ ದಫ್ತರವಾಗಿದ್ದರು. ನಾವು ಊರು ಬಿಟ್ಟು ಅತ್ತಿಗುಪ್ಪೆಗೆ ಬಂದೆವು. ಅವರ ಗಂಟೆ ನಮ್ಮ ಮೂರನೆಯ ಮಹಡಿಗೆ ಕೇಳಿಸುವ ಹಾಗಿಲ್ಲ.

ಹಳೆಯ ಖಾತೆಯ ನಕಲಿನಲ್ಲಿ ಸುಳಿವು ಸಿಕ್ಕಿತು. ತಾತ ತೀರಿಕೊಂಡಾಗ ಅಪ್ಪ ಎಳೆಯ ಹುಡುಗ. ಜಮೀನು ಅಪ್ಪನ ಹೆಸರಿಗೆ ಬಂದಿತ್ತು, ಪಕ್ಕದಲ್ಲಿ ‘ಮೈನರ್, ಗಾರ್ಡಿಯನ್ ತಾಯಿ’ ಎಂದಿತ್ತು. ತಾಯಿಗೆ ಹೆಸರಿರಲಿಲ್ಲ. ಅಷ್ಟು ವರ್ಷ ಹೊಲ ಉತ್ತು, ಕಂದಾಯ ಕಟ್ಟಿದವಳು ಆ ಕಾಗದದಲ್ಲಿ ಬರೀ ತಾಯಿ.

ಆಕೆಯ ಹೆಸರು ಹುಡುಕಿಕೊಂಡು ಅಪ್ಪ ಓದಿದ್ದ ಶಾಲೆಗೆ ಹೋದೆ. ಅಲ್ಲಿ ದಾಖಲಾತಿ ಪುಸ್ತಕಗಳನ್ನು ಬೀರುವಿನಲ್ಲಿ ಕಟ್ಟಿಟ್ಟಿದ್ದರು. ಮೇಷ್ಟ್ರು ಒಳ್ಳೆಯವರು, ಜೊತೆಗೆ ಕೂತು ಹುಡುಕಿದರು. 1935ರ ಪುಟದಲ್ಲಿ ಅಪ್ಪನ ಹೆಸರು ಸಿಕ್ಕಿತು. ಅದರ ಮುಂದೆ ಪೋಷಕರ ಹೆಸರಿನ ಕಲಂನಲ್ಲಿ ಮಸಿ ಮಾಸಿದ ದುಂಡಕ್ಷರದಲ್ಲಿ ಒಂದು ಹೆಂಗಸಿನ ಹೆಸರು. ಮೊದಲ ಅಕ್ಷರ ಕೆ. ಕಸುಬು ಬೇಸಾಯ.

ನಾನು ಆ ಬೆಂಚಿನ ಮೇಲೆ ಬಹಳ ಹೊತ್ತು ಕೂತಿದ್ದೆ. 68 ವರ್ಷ ನನ್ನ ಮುಂದೆ ಮುಂದೆ ನಡೆದವಳು ನನ್ನ ಅಜ್ಜಿ. ನಾನು ಹುಟ್ಟುವ ಮೊದಲೇ ಹೋದವಳು. ಅಪ್ಪ ಆಕೆಯನ್ನು ‘ಅವ್ವ’ ಎಂದಷ್ಟೇ ಹೇಳುತ್ತಿದ್ದರು, ಹೆಸರು ಹಿಡಿದು ಹೇಳಿದ್ದನ್ನು ನಾನು ಕೇಳಿರಲಿಲ್ಲ. ಮಾಳಪಕ್ಷದಲ್ಲಿ ಹಿರಿಯರಿಗೆ ಎಡೆ ಇಡುವಾಗ ಪಂಚೆಯ ಪಕ್ಕ ಒಂದು ಸೀರೆಯನ್ನೂ ಇಟ್ಟು ಕೈಮುಗಿಯುತ್ತಿದ್ದೆವು, ಅದು ಯಾರಿಗೆಂದು ಕೇಳಿರಲಿಲ್ಲ. ಅಪ್ಪನಿಲ್ಲದ ಹುಡುಗನ ಹೆಸರಿನ ಮುಂದೆ ಅಪ್ಪನ ಅಕ್ಷರ ಇರಬೇಕಾದ ಕಡೆ, ಯಾರೋ ಪುಣ್ಯಾತ್ಮ ಮೇಷ್ಟ್ರು ಸಾಕುತ್ತಿದ್ದವಳ ಅಕ್ಷರವನ್ನು ಬರೆದರು. ನಾವು ಅದನ್ನು ಊರೆಂದುಕೊಂಡೆವು.

ಊರೆಂದುಕೊಂಡದ್ದೂ ಪೂರ್ತಿ ತಪ್ಪಲ್ಲ ಎಂದು ಈಗ ಅನಿಸುತ್ತದೆ. ಅಪ್ಪನಿಗೆ ನಿಲ್ಲಲು ಇದ್ದ ನೆಲ ಆಕೆಯೊಬ್ಬಳೇ.

ತಾಯಂದಿರ ಹೆಸರು ಮರೆಯಾಗುವುದು ನಮ್ಮ ಮನೆಯೊಂದರ ಕತೆಯಲ್ಲ. ಪಂಪನು 941ರಲ್ಲಿ ಬರೆದ ‘ವಿಕ್ರಮಾರ್ಜುನ ವಿಜಯ’ದಲ್ಲಿ ತನ್ನ ತಂದೆಯ ಕಡೆಯ ಹಿರಿಯರನ್ನು ಮಾಧವ ಸೋಮಯಾಜಿಯಿಂದ ಹಿಡಿದು ಹೇಳಿಕೊಂಡಿದ್ದಾನೆ. ಅವನ ತಾಯಿ ಅಬ್ಬಣಬ್ಬೆ ಎಂದು, ಆಕೆ ಅಣ್ಣಿಗೇರಿಯ ಜೋಯಿಸ ಸಿಂಘನ ಮನೆಯವಳೆಂದು ನಮಗೆ ತಿಳಿದದ್ದು ತಮ್ಮ ಜಿನವಲ್ಲಭ ಕೆತ್ತಿಸಿದ ಶಾಸನದಿಂದ. ಅದು ಈಗಿನ ತೆಲಂಗಾಣದ ಕುರ್ಕ್ಯಾಲದ ಬಂಡೆಯ ಮೇಲಿದೆ. ಆದಿಕವಿಯ ತಾಯಿಯ ಹೆಸರು ಉಳಿಯಲು ಒಂದು ಬಂಡೆ ಬೇಕಾಯಿತು. ನನ್ನ ಅಜ್ಜಿಯದು ಉಳಿಯಲು ಒಂದು ಶಾಲೆಯ ರಿಜಿಸ್ಟರು ಸಾಕಾಯಿತು. ಎಷ್ಟೋ ಮನೆಗಳ ಪಾಲಿಗೆ ಬಂಡೆಯೂ ಇಲ್ಲ, ರಿಜಿಸ್ಟರೂ ಇಲ್ಲ. ಮನೆಯ ಹಿರಿಯರೊಬ್ಬರ ನೆನಪು ಮಾತ್ರ ಇದೆ, ಅದೂ ಇನ್ನು ಕೆಲವೇ ವರ್ಷ.

ಬೇರು ಹುಡುಕುವುದು ಎಲ್ಲರಿಗೂ ಸುಖದ ಕೆಲಸವಲ್ಲ ಎಂಬುದೂ ನನಗೆ ಗೊತ್ತು. ಬಸವೇಶ್ವರನಗರದಿಂದ ಬಂದ ಹುಡುಗಿಯೊಬ್ಬಳು, ‘ಅಂಕಲ್, ಆ ಹೆಸರು ಬೇಡ, ಕೇಳಿದ ಕೂಡಲೆ ನಮ್ಮ ಜಾತಿ ಯಾವುದು ಅಂತ ಲೆಕ್ಕ ಹಾಕ್ತಾರೆ’ ಎಂದು ನಿನ್ನನ್ನು ಖಾಲಿ ಬಿಡಿಸಿ ಹೋದಳು. ಅವಳು ಮಾಡಿದ್ದು ಸರಿ. ಯಾವ ಹೆಸರನ್ನು ಹಿಡಿದು ಜನ ನೋಯಿಸುತ್ತಾರೋ ಅದನ್ನು ಹೊತ್ತು ತಿರುಗಬೇಕೆಂಬ ಕಟ್ಟಳೆ ಇಲ್ಲ. ಆ ಬಡಾವಣೆಗೆ ಯಾರ ಹೆಸರಿದೆಯೋ ಆ ಬಸವಣ್ಣನವರ ಸುತ್ತ ಸೇರಿದ ಶರಣರು ಅಂಬಿಗರ ಚೌಡಯ್ಯ, ಮಡಿವಾಳ ಮಾಚಯ್ಯ, ನುಲಿಯ ಚಂದಯ್ಯ ಎಂದು ಕಸುಬನ್ನೇ ತಲೆಯ ಮೇಲಿಟ್ಟುಕೊಂಡು ನಡೆದರು. ಬಸವಣ್ಣನವರಂತೂ ತಮ್ಮ ಹುಟ್ಟನ್ನು ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯರ ಮನೆಗಳಿಗೇ ಜೋಡಿಸಿಕೊಂಡರು. ವಂಶವೆಂದರೆ ಸಿಕ್ಕಿದ್ದಷ್ಟೇ ಅಲ್ಲ, ಆರಿಸಿಕೊಂಡದ್ದೂ ಹೌದು ಎಂದು 12ನೆಯ ಶತಮಾನದಲ್ಲೇ ತೋರಿಸಿಕೊಟ್ಟರು. ನಮ್ಮ ಕಾಲದಲ್ಲಿ ದೇವನೂರ ಮಹಾದೇವ ಅವರು ಊರನ್ನು ಪೂರ್ತಿಯಾಗಿ ಬಿಡಿಸಿ ಹೆಸರಿನ ಮುಂದಿಟ್ಟರು. ಜಾತಿಯ ಗುರುತು ಅಲ್ಲಿಲ್ಲ, ಮಣ್ಣಿನ ಗುರುತು ಇದೆ. ಹೆಸರು ಹುಡುಕಬೇಕಾದದ್ದು ಹಿರಿಮೆಯನ್ನು ಮೆರೆಸಲಿಕ್ಕಲ್ಲ, ಯಾರ ಋಣದಲ್ಲಿ ಇದ್ದೇವೆಂದು ತಿಳಿಯಲಿಕ್ಕೆ.

ಆದ್ದರಿಂದ ನಿನ್ನಲ್ಲಿ ನನ್ನ ಬೇಡಿಕೆ ಇಷ್ಟು. ನಿನ್ನನ್ನು ಗೀಚುವವರಿಗೆ ಹೇಳು, ಒಂದೇ ಹೆಸರಿನವರನ್ನು ಅರ್ಧ ಮನುಷ್ಯರಂತೆ ನೋಡಬೇಡಿ ಎಂದು. ಆಧಾರ್ ಅರ್ಜಿಯಲ್ಲಿ ಪೂರ್ತಿ ಹೆಸರಿಗೆ ಒಂದೇ ಉದ್ದನೆಯ ಮನೆ ಇದೆ. ಅಲ್ಲಿ ಯಾರೂ ತಡವರಿಸುವುದನ್ನು ನಾನು ನೋಡಿಲ್ಲ. ಆ ನಮೂನೆಯಲ್ಲಿ ಸಾಧ್ಯವಾದದ್ದು ಉಳಿದವುಗಳಲ್ಲೂ ಸಾಧ್ಯವಾಗಲಿ. ಅಪ್ಪನ ಹೆಸರು ಕೇಳುವ ಕಡೆಯೆಲ್ಲ ಅವ್ವನ ಹೆಸರನ್ನೂ ಕೇಳಲಿ. ಪ್ಯಾನ್ ಅರ್ಜಿಯಲ್ಲಿ ಒಬ್ಬಂಟಿ ತಾಯಿಯ ಮಕ್ಕಳು ತಂದೆಯ ಹೆಸರು ಬರೆಯಲೇಬೇಕೆಂಬ ಕಟ್ಟುಪಾಡು 2018ರ ಡಿಸೆಂಬರಿನಲ್ಲಿ ಹೋಯಿತು. ಅಷ್ಟು ಬಾಗಿಲು ತೆರೆದಿದೆ, ಇನ್ನೂ ತೆರೆಯಬೇಕು.

ಈ ಪತ್ರವನ್ನು ನಿನ್ನ ಹೆಗಲ ಮೇಲಿಂದ ಓದುತ್ತಿರುವವರಿಗೂ ಒಂದು ಮಾತು. ರಾಜಾಜಿನಗರವೋ ಕೆಂಗೇರಿಯೋ, ಎಲ್ಲಿದ್ದರೂ ಈ ಭಾನುವಾರ ಮನೆಯ ಹಿರಿಯರ ಹತ್ತಿರ ಕೂತು ಇನಿಷಿಯಲ್ ಬಿಡಿಸಿ ಬರೆದುಕೊಳ್ಳಿ. ಕನ್ನಡದಲ್ಲಿ, ಪೂರ್ತಿಯಾಗಿ ಬರೆಯಿರಿ. ಊರು ಯಾವ ಹೋಬಳಿ, ಯಾವ ತಾಲ್ಲೂಕು ಎಂದು ಸೇರಿಸಿ. ಅಜ್ಜಿಯರ ಹೆಸರು, ಅವರ ತವರು ಕೇಳಿ. ಲಗ್ನಪತ್ರಿಕೆಗಳನ್ನು ರದ್ದಿಗೆ ಹಾಕಬೇಡಿ. ಹಳೆಯ ಪಹಣಿ, ಶಾಲೆಯ ಟಿಸಿ, ಅಂಕಪಟ್ಟಿ ಎಲ್ಲದರ ಜೆರಾಕ್ಸ್ ಮಾಡಿಸಿ ಒಂದು ಫೈಲಿನಲ್ಲಿಡಿ. ಊರಿಗೆ ಹೆಳವರು ಬಂದರೆಂದು ಕೇಳಿದರೆ ಬಸ್ಸು ಹತ್ತಿ ಹೋಗಿ. ನನ್ನ ಅಂಗಡಿಗೆ ಬರುವವರಿಗೆ ಈಗ ಅರ್ಜಿಯ ಜೊತೆ ಒಂದು ಖಾಲಿ ಹಾಳೆಯನ್ನೂ ಕೊಡುತ್ತಿದ್ದೇನೆ, ದುಡ್ಡಿಲ್ಲದೆ. ಮೇಲೆ ‘ನನ್ನ ಅಕ್ಷರಗಳು’ ಎಂದಷ್ಟೇ ಅಚ್ಚು ಹಾಕಿದ್ದೇನೆ.

38ನೆಯ ದಿನ ಮಗಳೂ ಅಳಿಯನೂ ಕಾರ್ಡಿಫ್‌ನ ನೋಂದಣಿ ಕಚೇರಿಗೆ ಹೋದರು. ಅಲ್ಲಿ ಜನನವನ್ನು ವೆಲ್ಷ್ ಮತ್ತು ಇಂಗ್ಲಿಷ್ ಎರಡರಲ್ಲೂ ಬರೆಸಬಹುದು, ಮಗುವಿಗೆ ಯಾವ ಮನೆತನದ ಹೆಸರನ್ನಾದರೂ ಇಡಬಹುದು. ಅಳಿಯನೇ ಹೇಳಿದನಂತೆ, ನಮ್ಮ ಊರಿನ ಹೆಸರು ನಡುವೆ ಇರಲಿ, ಕೊನೆಗೆ ಆ ಅಜ್ಜಿ ಇರಲಿ ಎಂದು. ಗುಮಾಸ್ತೆ ಒಂದೊಂದೇ ಅಕ್ಷರ ಕೇಳಿ ಬರೆದುಕೊಂಡು, ಇದು ನಿಮ್ಮ ಮನೆತನದ ಹಳೆಯ ಹೆಸರೇ ಎಂದು ವಿಚಾರಿಸಿದಳಂತೆ. ಮಗಳು ಹೌದು ಎಂದಳಂತೆ.

1935ರಲ್ಲಿ ಕುದೂರು ಹೋಬಳಿಯ ಶಾಲೆಯೊಂದಕ್ಕೆ ಮಗನ ಕೈಹಿಡಿದು ಬಂದು ಹೆಸರು ಬರೆಸಿ ಹೋದವಳು ಈಗ ನಿನ್ನೊಳಗೆ ಬಂದು ಕೂತಿದ್ದಾಳೆ. ಆಕೆಯನ್ನು ಚೆನ್ನಾಗಿ ನೋಡಿಕೋ. ನಮ್ಮ ಮನೆಯ ಮಟ್ಟಿಗೆ ನೀನಿನ್ನು ಖಾಲಿಯಲ್ಲ.

ಸಹಿಯಲ್ಲಿ ನನ್ನ ಹೆಸರನ್ನು ಬಿಟ್ಟು ಆಕೆಯ ಅಕ್ಷರವನ್ನಷ್ಟೇ ಹಾಕುತ್ತಿದ್ದೇನೆ. ಅದು ಯಾರೆಂದು ನನಗೆ ಈಗ ಗೊತ್ತು.

ಇಂತಿ ನಿನ್ನ ಹಳೆಯ ಪರಿಚಯದವನು,
ಕೆ.